ಸಂದು

ಕಲ್ಲು ಯಾರಾದರೂ ಹಾಸಿಯಾರು.
ಕಲ್ಲಿಗೂ ಕಲ್ಲಿಗೂ ನಡುವೆ ಬಿಟ್ಟ ಬೆರಳಗಲದಲ್ಲಿ
ಕೆಲಸದವನ ಜಾತಕ.

ಕೋಡಿಬಾಗದಲ್ಲಿ, ಕಾಳಿ ಹೊಳೆ ಉಪ್ಪಾಗುವ ತಿರುವಿನಲ್ಲಿ
ಶೇವಂತಿ ತಾಂಡೇಲಳ ಶೆಟ್ಲಿ ಒಣಗಿಸುವ ಅಂಗಳ.
ಕಡಪ ಕಲ್ಲು ನೂರಾ ಹನ್ನೆರಡು,
ಅಡಿಗೆ ಜಲ್ಲಿ, ಅದರ ಮೇಲೆ ಪುಡಿಜಲ್ಲಿ.
ಕಲ್ಲು ಕೂತವು. ಸಂದು ಬಾಯಿ ಬಿಟ್ಟುಕೊಂಡಿತ್ತು.
"ಎಂತ ತುಂಬ್ತೆ?" ಅಂದಳು,
ಸೊಂಟದಲ್ಲಿ ಬುಟ್ಟಿ, ಬುಟ್ಟಿಯಿಂದ ನೀರು.

ನನಗೆ ಗಾಂವಕರ ಮಾಸ್ತರು ನೆನಪಾದರು.
ಏಳನೆಯ ಇಯತ್ತೆ, ಲೋಪ ಆಗಮ ಆದೇಶ:
"ಎರಡು ಕೂಡುವಲ್ಲಿ ಏನೋ ಒಂದು ಆಗಲೇಬೇಕೋ,
ಹೋಗಬೇಕು, ಬರಬೇಕು, ಇಲ್ಲಾ ಬದಲಾಗಬೇಕು."
ಆ ವರ್ಷ ನಪಾಸಾಗಿ
ವ್ಯಾಕರಣ ಬಿಟ್ಟು ಕರಣೆ ಹಿಡಿದೆ.

ಮರಳು ಗುಡಿಸಿ ತುಂಬಿದರೆ ಅಗ್ಗ,
ಕಲ್ಲು ಅಲುಗಿದರೆ ತಾನೂ ಅಲುಗೀತು.
ಆದರೆ ಮಿರಗದ ಮೊದಲ ಮಳೆಗೇ ಲೋಪ.
(ದಂಡೆಯ ಮರಳಂತೂ ಬೇಡ. ಪುಕ್ಕಟೆ ಸಿಗುತ್ತದೆಂದು
ನಾನೂ ಒಮ್ಮೆ ತಂದು ತುಂಬಿದ್ದೆ,
ಆ ಮನೆಯವರು ಈಗಲೂ ದಾರಿಯಲ್ಲಿ ಮಾತಾಡಿಸುವುದಿಲ್ಲ.)

ಸಿಮೆಂಟು ಗಟ್ಟಿ, ನಿಜ.
ಜಲ್ಲಿಯ ಮೇಲೆ ಕೂತ ಕಲ್ಲು ಮಗ್ಗುಲಾಗುತ್ತಿರುತ್ತದೆ,
ಮಗ್ಗುಲಾಗುವುದು ಸಿಮೆಂಟಿಗೆ ಬರುವುದಿಲ್ಲ.
ಬಿರಿಯುತ್ತದೆ, ಕೂದಲೆಳೆಯಷ್ಟು.
ಅಷ್ಟು ಸಾಕು, ಆಗಮವಾಗಲು:
ಇರುವೆ, ಗರಿಕೆ, ಬೆಳ್ಳಗೆ ಹೂ ಬಿಡುವ ಉಪ್ಪು.

ಕಾಜೂಬಾಗದ ಅಂಗಡಿಯವ ಡಬ್ಬಿಯೊಂದನ್ನು
ಮಗುವಿನ ಹಾಗೆ ಎತ್ತಿ ತೋರಿಸಿದ:
ರಾಳದ ಪುಡಿ, ನೀರು ಚಿಮುಕಿಸಿದರೆ ಆಯಿತು,
ಇಪ್ಪತ್ತು ವರ್ಷ ಗ್ಯಾರಂಟಿ.
"ಇಪ್ಪತ್ತು ವರ್ಷ ನಿನ್ನ ಅಂಗಡಿ ಇಲ್ಲೇ ಇರ್ತದ?"
ಶೇವಂತಿಯ ಪ್ರಶ್ನೆಗೆ ಅವನು ಫ್ಯಾನು ಜೋರು ಮಾಡಿದ.

ನಾಲ್ಕು ಚೌಕ ಮಾಡಿಕೊಟ್ಟೆ,
ಮರಳು, ಸಿಮೆಂಟು, ರಾಳ,
ನಾಲ್ಕನೆಯದು ಸುಮ್ಮನೆ, ಅಜ್ಜ ಮಾಡುತ್ತಿದ್ದನೆಂದು,
ಚಿಪ್ಪಿ ಸುಣ್ಣ, ಜರಡಿ ಹಿಡಿದ ಇಟ್ಟಂಗಿ ಪುಡಿ.
ಹಸಿ ಗೋಣಿ ಹೊದೆಸಿ ನಲವತ್ತು ದಿನ ಕಾಯಬೇಕು.
"ತಡ ಆದ್ರೆ ಆಗ್ಲಿ" ಅಂದಳು,
"ಮೀನೂ ಒಂದೇ ಹೊತ್ತಿಗೆ ಒಣಗೂದಿಲ್ಲ."

ನಲವತ್ತೈದನೆಯ ದಿನ ಕರೆದಳು.
ನಾನು ಗುಂಡು, ಮಟ್ಟ, ಉಳಿ ತಂದಿದ್ದೆ.
ಅವಳು ನಾಲ್ಕು ಬಟ್ಟಲು ಇಟ್ಟಳು,
ನಾಲ್ಕು ಚೌಕದ ಮೇಲೆ ಒಣಗಿದ ಶೆಟ್ಲಿ,
ಕಾಯಿತುರಿ, ಒಂದೇ ಅಳತೆ ಮೆಣಸು.
"ತಿನ್ನು. ಸಂದು ನಾಲಗೆಗೆ ಗೊತ್ತಾಗ್ತದೆ."

ಮೊದಲನೆಯದು ಹಲ್ಲಿಗೆ ಕಿರ್ ಅಂದಿತು.
ಎರಡನೆಯದರಲ್ಲಿ ಉಪ್ಪು ಮುಂದಾಗಿತ್ತು.
ಮೂರನೆಯದು ಹೊಸ ರೆಗ್ಜಿನ್ ಚೀಲದ ವಾಸನೆ,
ಬಿಸಿಲಿಗೆ ಬೆವರಿದ ಡಬ್ಬಿ.
ನಾಲ್ಕನೆಯದರ ಬಗ್ಗೆ ಹೇಳಲು ಏನೂ ಇರಲಿಲ್ಲ.
ಶೆಟ್ಲಿ ಶೆಟ್ಲಿಯ ಹಾಗಿತ್ತು.

ಸುಣ್ಣ ಎಲ್ಲಿಂದ ತರೋಣ ಅಂದೆ.
ಹಿತ್ತಿಲಿಗೆ ಕರೆದೊಯ್ದಳು.
ಬಚ್ಚಲ ಗೋಡೆಯೆತ್ತರ ಬೆಳಚಿನ ಚಿಪ್ಪಿ,
ಮದುವೆಯಾಗಿ ಬಂದಾಗಿನಿಂದ ಸಾರು ಮಾಡಿ ಎಸೆದದ್ದು.
"ಅಯ್ಯೋ ಇದೇನು!" ಅಂದೆ.
ಅಯ್ಯೋಗೂ ಇದಕ್ಕೂ ಸಂಧಿಯಾಗುವುದಿಲ್ಲ, ಮಾಸ್ತರೆ,
ಅದು ಪ್ರಕೃತಿಭಾವ. ಈಗ ಬರೆಸಿದರೆ ಪಾಸಾಗುತ್ತೇನೆ.

ಸುಟ್ಟೆವು, ಅರಳಿಸಿದೆವು, ಅರೆದೆವು.
ಬೆಳಚು ಹೋಗಿ ಚಿಪ್ಪಿ, ಚಿಪ್ಪಿ ಹೋಗಿ ಸುಣ್ಣ,
ಮಳೆ ಕಾಲಕ್ಕೆ ತಾಗಿ ಕಾಲವೇ ಗಾಲವಾದ ಹಾಗೆ.
ಹೊಳೆಯ ಕಡೆಯ ಕೊನೆಯ ಸಾಲು ಮಾತ್ರ ತುಂಬಬೇಡ ಅಂದಳು,
ನೀರಿಗೆ ದಾರಿ ಬೇಕು, ಏಡಿಗೂ.

ಕೂಲಿಯಲ್ಲಿ ಇನ್ನೂರು ಹಿಡಿದು
ಒಂದು ಪೊಟ್ಟಣ ಶೆಟ್ಲಿ ಕೊಟ್ಟಳು.
ಮನೆಯಲ್ಲಿ ಹುರಿದು ತಿಂದೆ.
ಎರಡನೆಯ ತುತ್ತಿಗೆ, ಕಿರ್.
ಎದ್ದು ಹೋಗಿ
ಉಗುರ ಸಂದಿನ ಮರಳು ತೊಳೆದುಕೊಂಡೆ.